ಭರಣಿಯ ಸರಕಾರ

ನಿತ್ಯಾನಂದ ಊಟಕ್ಕೆ ಕೂತರೆ ಯಾವುದಾದರೊಂದು ಹಳೆಯ ರಾಜ್ಯವೂ ಅವನ ಜತೆಗೇ ಬಂದು ಕೂರುತ್ತಿತ್ತು. ಗ್ರೀಸಿನ ಯಾವುದೋ ಪಟ್ಟಣದಲ್ಲಿ ಅಧಿಕಾರಿಗಳನ್ನು ಚೀಟಿ ಎತ್ತಿ ಆರಿಸುತ್ತಿದ್ದರಂತೆ, ಚಮ್ಮಾರನೂ ಒಂದು ದಿನದ ಮಟ್ಟಿಗೆ ಊರಿನ ಯಜಮಾನನಾಗಬಹುದಿತ್ತಂತೆ. ಅಷ್ಟು ದೂರ ಯಾಕೆ, ಚೋಳರ ಕಾಲದ ಹಳ್ಳಿಯಲ್ಲಿ ಹೆಸರುಗಳನ್ನು ಓಲೆಯ ಮೇಲೆ ಬರೆದು, ಮಡಕೆಗೆ ಹಾಕಿ, ಕುಲುಕಿ, ಊರಸಭೆಯನ್ನು ಆರಿಸುತ್ತಿದ್ದರಂತೆ. ಅವನ ತಾಯಿ ದಾಕ್ಷಾಯಣಿ ಸಾರಿನ ಸೌಟು ಹಿಡಿದು ಕಾಯುತ್ತಿದ್ದಳು. ಚೋಳರು ಮುಗಿಯುವಾಗ ಅನ್ನ ಆರಿರುತ್ತಿತ್ತು.

"ನಿನ್ನ ಆ ಸಭೆಯವರು ಊಟದ ಹೊತ್ತಿಗೆ ಬಾಯಿ ಮುಚ್ಚಿ ಉಣ್ತಿದ್ರಾ, ಇಲ್ಲ ಹೀಗೇ ಭಾಷಣವಾ?" ಎಂದು ಅಪ್ಪ ವೆಂಕಟ್ರಮಣ ರಾಯರು ಕೇಳುತ್ತಿದ್ದರು.

ರಾಯರು ಎರ್ನಾಕುಳಂ ಹೈಕೋರ್ಟಿನಲ್ಲಿ ಕನ್ನಡ ಅನುವಾದಕರು. ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನ ವ್ಯಾಜ್ಯದ ಕಾಗದಗಳು ಇಲ್ಲಿಗೆ ಬಂದವು, ಅವುಗಳ ಬೆನ್ನಿಗೆ ರಾಯರು ಬಂದರು, ರಾಯರ ಬೆನ್ನಿಗೆ ಸಂಸಾರ ಬಂತು. ಎರ್ನಾಕುಳಂ ಪೇಟೆಯ ಕಾರಿಕ್ಕಾಮುರಿಯ ಬಾಡಿಗೆ ಮನೆಯಲ್ಲಿ ಈಗ ರಾಯರು, ಹೆಂಡತಿ, ಮಗಳು ಸೌದಾಮಿನಿ, ರಾಯರ ತಾಯಿ. ಮಗ ನಿತ್ಯಾನಂದ ತಿರುವನಂತಪುರದಲ್ಲಿ ಬಿ.ಎ. ಮುಗಿಸಿ ರಜೆಗೆ ಬಂದಿದ್ದ. ಕೇರಳದಲ್ಲಿ ಕಮ್ಯುನಿಸ್ಟರ ಹೊಸ ಸರಕಾರ ಬಂದು ಒಂದು ವರ್ಷ ಕಳೆದಿತ್ತು. ಬೀದಿಯ ಚಹಾದ ಅಂಗಡಿಯಲ್ಲೂ ಸಮಾನತೆಯದ್ದೇ ಮಾತು, ಇವನಂತೂ ಅದರಲ್ಲಿ ಮುಳುಗಿ ಎದ್ದು ಬಂದವನು.

ಅಜ್ಜಿ ಹಿಂದಿನ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅಂದಿನಿಂದ ಮಂಚವೇ ಅವರ ಮನೆ. ದಾಕ್ಷಾಯಣಿಗೆ ಉಬ್ಬಸ, ಅಡುಗೆ ಮಾಡಿ ಮುಗಿಸುವಾಗಲೇ ಅವಳ ಎದೆ ಸೀಟಿ ಹೊಡೆಯುತ್ತಿತ್ತು. ಹಾಗಾಗಿ ಅಜ್ಜಿಯನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಒರೆಸುವುದು, ಎನಾಮಲ್ ಪಾತ್ರೆ ಇಟ್ಟು ತೆಗೆಯುವುದು, ಬಟ್ಟೆ ಒಗೆಯುವುದು ಎಲ್ಲ ಸೌದಾಮಿನಿಯ ಪಾಲು. ಮಂಗಳೂರಿನಲ್ಲಿ ಬಿ.ಎ. ಓದಿದ ಹುಡುಗಿ ಅವಳು.

ಮೇ ತಿಂಗಳ ಕೊನೆಗೆ ಮನೆಗೆ ಎರಡು ಸೀಟು ಬಂದವು, ಎರಡೂ ತಿರುವನಂತಪುರದಲ್ಲಿ. ನಿತ್ಯಾನಂದನಿಗೆ ಚರಿತ್ರೆಯ ಎಂ.ಎ., ಸೌದಾಮಿನಿಗೆ ಶಿಕ್ಷಕರ ಟ್ರೈನಿಂಗ್ ಕಾಲೇಜಿನ ಬಿ.ಟಿ. ಕುಂಬಳೆಯ ಹತ್ತಿರದ ಒಂದು ಕನ್ನಡ ಶಾಲೆಯವರು ಅವಳಿಗೆ ಮಾತು ಕೊಟ್ಟಿದ್ದರು: ಈ ವರ್ಷ ಬಿ.ಟಿ. ಮಾಡಿ ಬಂದರೆ ಕೆಲಸ, ಇನ್ನೂ ತಡವಾದರೆ ಬೇರೆಯವರನ್ನು ನೋಡುತ್ತೇವೆ.

"ಸಂತೋಷವೇ. ಆದ್ರೆ ಇಬ್ರೂ ಹೋದ್ರೆ ಅಮ್ಮನನ್ನು ಎತ್ತುವುದು ಯಾರು?" ಎಂದರು ರಾಯರು. "ಸೌದಾಮಿನಿ ಬರುವ ವರ್ಷ ಹೋಗ್ಲಿ."

"ಹೋದ ವರ್ಷವೂ ನೀವು ಇದೇ ಹೇಳಿದ್ದು, ಅಪ್ಪ."

"ಹೋದ ವರ್ಷ ಅಮ್ಮ ಬೀಳ್ತಾರೆ ಅಂತ ನಂಗೆ ಕನಸು ಬಿದ್ದಿತ್ತಾ?"

"ಈ ವರ್ಷ ಹೋಗದಿದ್ರೆ ಆ ಕೆಲಸ ಇಲ್ಲ. ಅದು ನಿಮಗೂ ಗೊತ್ತುಂಟು."

"ಕೆಲಸ ಹೋದ್ರೆ ಹೋಗ್ಲಿ. ನಿನ್ನ ಸಂಬಳದಿಂದ ಈ ಮನೆಯ ಒಲೆ ಉರಿಯಬೇಕಂತ ಇಲ್ಲ."

ಸೌದಾಮಿನಿ ಮೊಸರಿನ ಪಾತ್ರೆಯನ್ನು ಕುಕ್ಕಿ ಇಟ್ಟು ಎದ್ದು ಹೋದಳು. ಯಾವತ್ತೂ ಪಾತ್ರೆ ಕುಕ್ಕಿದವಳಲ್ಲ.

"ಇದು ಅನ್ಯಾಯ ಅಪ್ಪ," ಎಂದ ನಿತ್ಯಾನಂದ.

"ಹೌದಾ? ಹಾಗಾದ್ರೆ ನೀನು ನಿಲ್ತೀಯಾ?"

ನಿತ್ಯಾನಂದನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಚೀಟಿ ಎತ್ತುವ," ಎಂದ. ಹೇಳಿದ ಮೇಲೆ ಅವನಿಗೇ ಹುರುಪು ಬಂತು. "ಭರಣಿಗೆ ಎರಡು ಓಲೆ ಹಾಕುವ. ಯಾರ ಹೆಸರು ಬರ್ತದೋ ಅವರು ಒಂದು ವರ್ಷ ಮನೆಯಲ್ಲಿ ನಿಲ್ಲುವುದು. ಗಂಡು ಹೆಣ್ಣು ಅಂತ ಇಲ್ಲ."

ರಾಯರಿಗೆ ನಗು ಬಂತು, ಆದರೆ ಪೂರ್ತಿ ನಗಲಿಲ್ಲ. ಅವರ ಊರಿನ ಮನೆಯಲ್ಲೂ ಎರಡು ಮನಸ್ಸಾದಾಗ ದೇವರ ಮುಂದೆ ಚೀಟಿ ಎತ್ತುವ ಕ್ರಮವಿತ್ತು. ತೋಟ ಪಾಲಾದದ್ದು, ರಾಯರಿಗೆ ಹೆಣ್ಣು ಗೊತ್ತಾದದ್ದು ಎಲ್ಲ ಹಾಗೆಯೇ. ಮಗನಿಗೆ ಚೋಳರು, ಅಪ್ಪನಿಗೆ ಮನೆದೇವರು, ಅಂತೂ ಇಬ್ಬರೂ ಭರಣಿಗೆ ಒಪ್ಪಿದರು.

ಮಿಡಿ ಉಪ್ಪಿನಕಾಯಿ ಮುಗಿದು ಖಾಲಿಯಾಗಿದ್ದ ಭರಣಿಯನ್ನು ದಾಕ್ಷಾಯಣಿ ತೊಳೆದು ಒಣಗಿಸಿ ಕೊಟ್ಟಳು. ನಿತ್ಯಾನಂದ ತೆಂಗಿನ ಗರಿಯನ್ನು ಸೀಳಿ ಓಲೆ ಮಾಡಿಕೊಂಡು ಬಂದ. ಕಾಗದದ ಚೀಟಿ ಅವನಿಗೆ ಆಗದು.

"ಎರಡೇ ಹೆಸರು ಯಾಕೆ?" ಎಂದು ಕೇಳಿದಳು ಸೌದಾಮಿನಿ. "ಅಪ್ಪನದ್ದು ಎಲ್ಲುಂಟು?"

"ಅಪ್ಪ ದುಡಿಯುವವರಲ್ವಾ ಅಕ್ಕ. ಅಮ್ಮನಿಗೆ ಕಾಯಿಲೆ. ಅರ್ಹತೆ ಅಂತ ಒಂದು ನೋಡ್ಬೇಕು. ಚೋಳರಲ್ಲೂ ಹಾಗೇ ಇತ್ತು."

"ಒಮ್ಮೆ ಕೆಲಸ ಮಾಡಿದವರ ಹೆಸರು ಮೂರು ವರ್ಷದವರೆಗೆ ಹಾಕುವ ಹಾಗಿಲ್ಲ ಅಂತಲೂ ಇತ್ತಲ್ಲ? ಮೊನ್ನೆ ನೀನೇ ಹೇಳಿದ್ದು. ನಾನು ಒಂದು ವರ್ಷ ಮಾಡಿ ಆಯ್ತು."

ನಿತ್ಯಾನಂದ ತಲೆ ತುರಿಸಿಕೊಂಡ. "ಅದನ್ನು ಹಿಡಿದ್ರೆ ಭರಣಿಯಲ್ಲಿ ಒಂದೇ ಓಲೆ ಉಳಿಯುವುದು."

"ಗೊತ್ತುಂಟು," ಎಂದಳು ಸೌದಾಮಿನಿ. ಆದರೂ ತನ್ನ ಓಲೆಯನ್ನು ತಾನೇ ಮಡಚಿ ಹಾಕಿದಳು.

ಓಲೆ ಎತ್ತುವವರಿಗೆ ಅದರಲ್ಲೇನಿದೆ ಎಂದು ತಿಳಿದಿರಬಾರದು, ಅದು ಹಳೆಯ ನಿಯಮ. ಅಜ್ಜಿಗೆ ಓದು ಬಾರದು. ಹಾಗಾಗಿ ಭರಣಿಯನ್ನು ಅವರ ಮಂಚದ ಬಳಿಗೇ ಒಯ್ದರು.

"ಎಂತದ್ದು ಮಗಾ ಇದು? ದೇವರ ಚೀಟಿಯಾ?"

"ಹೌದು ಅಜ್ಜಿ. ಕಣ್ಣು ಮುಚ್ಚಿ ಒಂದು ತೆಗಿ."

ಅಜ್ಜಿ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಕೈಯನ್ನು ಭರಣಿಗೆ ಇಳಿಸಿದರು. ಬಂದದ್ದು ನಿತ್ಯಾನಂದನ ಹೆಸರು.

ರಾಯರು ಓಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ದಾಕ್ಷಾಯಣಿ, "ಇನ್ನೊಮ್ಮೆ ಎತ್ತಿದ್ರೆ..." ಎಂದು ಶುರು ಮಾಡಿದಳು. "ಅಮ್ಮನ ಕೈಯಿಂದ ಬಂದದ್ದು, ಇನ್ನೊಮ್ಮೆ ಅಂತ ಇಲ್ಲ," ಎಂದು ರಾಯರು ತಡೆದರು. ನಿತ್ಯಾನಂದನ ಮುಖ ಬಿಳಿಚಿತ್ತು. ಆದರೂ ಅವನನ್ನು ಮೆಚ್ಚಬೇಕು, ಮಾತು ತಪ್ಪಲಿಲ್ಲ. "ನಾನು ನಿಲ್ತೇನೆ. ಅಕ್ಕ, ನೀನು ಹೋಗು," ಎಂದ. ಸೌದಾಮಿನಿ ಅಡುಗೆ ಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಅತ್ತಳು. ಸಂತೋಷಕ್ಕೆ ಅತ್ತದ್ದು.

ಸೌದಾಮಿನಿಗೆ ಹೊಸ ಹಾಸಿಗೆ ಹೊಲಿಸಿದರು. ಹೊರಡುವ ದಿನ ಸೌದಾಮಿನಿ ಕಾಲು ಮುಟ್ಟಿದಾಗ ಅಜ್ಜಿ ಅವಳ ಕೆನ್ನೆ ಸವರಿ, "ಹೋಗು, ಟೀಚರಾಗಿ ಬಾ. ನಮ್ಮ ಮನೆಯಲ್ಲಿ ಹೆಣ್ಣು ಮಕ್ಕಳು ಯಾರೂ ಟೀಚರಾದದ್ದಿಲ್ಲ," ಎಂದರು. ಆಮೇಲೆ ಅವರಿಗೆ ನೆನಪಾಯಿತು. "ಅಲ್ಲ, ಇನ್ನು ನನ್ನನ್ನು ಎಬ್ಬಿಸುವುದು ಯಾರು?"

"ನಾನು, ಅಜ್ಜಿ," ಎಂದ ನಿತ್ಯಾನಂದ.

ಅಜ್ಜಿ ಅವನನ್ನು ನೋಡಿದರು. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

ಜೂನ್ ತಿಂಗಳು ನಿತ್ಯಾನಂದನಿಗೆ ಒಂದು ಪ್ರಯೋಗಶಾಲೆಯಾಯಿತು. ಬೆಳಿಗ್ಗೆ ಎದ್ದು ಅಜ್ಜಿಯ ಮುಖ ತೊಳೆಸಿದ, ಗಂಜಿ ಕುಡಿಸಿದ, ಮೈ ಒರೆಸಿದ, ಪಾತ್ರೆ ಇಟ್ಟ, ತೆಗೆದ, ತೊಳೆದ. ಮೊದಲ ದಿನ ಬಾವಿಕಟ್ಟೆಯ ಬಳಿ ವಾಂತಿ ಮಾಡಿದ, ಆಮೇಲೆ ರೂಢಿಯಾಯಿತು. ಆಚೆ ಮನೆಯ ಮಲಯಾಳಿ ಹೆಂಗಸು ಬೇಲಿಯ ಮೇಲಿಂದ ನೋಡಿ ಮೂಗಿನ ಮೇಲೆ ಬೆರಳಿಟ್ಟಳು. ರಾಯರು ಮಗ ಅಂಗಳದಲ್ಲಿ ಅಜ್ಜಿಯ ಸೀರೆ ಹಿಂಡುವಾಗ ಹಿಂದಿನ ಬಾಗಿಲಿನಿಂದ ಆಫೀಸಿಗೆ ಹೋಗುತ್ತಿದ್ದರು.

"ನಾಚಿಕೆ ಯಾಕೆ ಅಪ್ಪ?" ಎಂದು ಅವನೇ ಕೇಳಿದ. "ಒಳ್ಳೆಯ ರಾಜ್ಯದಲ್ಲಿ ಕೀಳು ಕೆಲಸ ಅಂತ ಇರುವುದಿಲ್ಲ. ಎಲ್ಲರಿಗೂ ಪಾಳಿ. ಈಗ ನಮ್ಮ ಮನೆಯೇ ಹಾಗೆ ಆಗಿದೆ ನೋಡಿ."

"ನಿನ್ನ ರಾಜ್ಯದ ಬಾವುಟ, ಆ ಸೀರೆಯನ್ನು ಒಳಗೆ ಒಣಗ್ಲಿಕ್ಕೆ ಹಾಕು, ಮಳೆ ಬರ್ತದೆ," ಎಂದರು ರಾಯರು.

ಆದರೆ ಜುಲೈ ಬರುವಾಗ ಅಜ್ಜಿ ಉಣ್ಣುವುದು ಕಡಿಮೆಯಾಗಿತ್ತು. ಗಂಜಿ ಎರಡು ಚಮಚಕ್ಕೆ ಸಾಕೆನ್ನುತ್ತಿದ್ದರು. ಸಾರು ಬೇಡ, ತಂಬುಳಿ ಬೇಡ, ನೀರು ತುಟಿಗೆ ಒದ್ದೆ ಮಾಡುವಷ್ಟು ಸಾಕು. "ಹಸಿವಿಲ್ಲ ಮಗಾ" ಎಂಬುದೊಂದೇ ಮಾತು. ನಿತ್ಯಾನಂದ ಅದನ್ನು ಮುಪ್ಪೆಂದುಕೊಂಡ. ನಿಜ ಹೇಳಬೇಕೆಂದರೆ ಕೆಲಸ ಕಡಿಮೆಯಾದದ್ದು ಅವನಿಗೆ ಹಿತವೇ ಆಗಿತ್ತು. ಪಾತ್ರೆಯ ಕೆಲಸ ದಿನಕ್ಕೊಮ್ಮೆಗೆ ಇಳಿದಿತ್ತು.

ದಾಕ್ಷಾಯಣಿಗೆ ಗೊತ್ತಿತ್ತು. ಹೆಂಗಸಿಗೆ ಇದು ಗೊತ್ತಾಗದೆ ಇರುತ್ತದೆಯೇ? ಆದರೆ ಹೇಳಿದರೆ ಮಗಳನ್ನು ವಾಪಸು ಕರೆಸುತ್ತಾರೆ. ಅವಳು ತುಟಿ ಕಚ್ಚಿಕೊಂಡು, ಯಾರೂ ಇಲ್ಲದಾಗ ತಾನೇ ಅತ್ತೆಯನ್ನು ಎತ್ತಲು ನೋಡುತ್ತಿದ್ದಳು. ಒಂದು ದಿನ ಹಾಗೆ ಎತ್ತಲು ಹೋಗಿ ಉಸಿರು ಸಿಕ್ಕಿಕೊಂಡು ಮಂಚದ ಕಾಲು ಹಿಡಿದು ಕುಸಿದಳು. ನಿತ್ಯಾನಂದ ಓಡಿ ಬಂದಾಗ ಅವಳ ತುಟಿ ನೀಲಿಯಾಗಿತ್ತು. ಮಂಚದ ಮೇಲಿನಿಂದ ಅಜ್ಜಿ, "ನನ್ನಿಂದ ಆದದ್ದು, ನನ್ನಿಂದ ಆದದ್ದು," ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಡಾಕ್ಟರು ಬಂದು ದಾಕ್ಷಾಯಣಿಗೆ ಸೂಜಿ ಚುಚ್ಚಿದರು. ಹೋಗುವ ಮುಂಚೆ ಅಜ್ಜಿಯ ಕೈಯ ಚರ್ಮ ಹಿಡಿದು ಎಳೆದು ಬಿಟ್ಟರು. ಚರ್ಮ ಎಳೆದಲ್ಲೇ ನಿಂತಿತು. "ಕಾಯಿಲೆ ಏನೂ ಇಲ್ಲ. ಇವರಿಗೆ ನೀರು ಕೊಡುವವರು ಯಾರೂ ಇಲ್ಲವೇ ಈ ಮನೆಯಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಿತ್ಯಾನಂದನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಅಂದು ಸಂಜೆ ಅವನು ಚೊಂಬು ಹಿಡಿದು ಅಜ್ಜಿಯ ಪಕ್ಕ ಕೂತ.

"ಕುಡಿ."

"ಬೇಡ."

"ಯಾಕೆ ಬೇಡ? ನಾನು ಎಂತ ತಪ್ಪು ಮಾಡಿದೆ, ಹೇಳು."

ಅಜ್ಜಿ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದರು. ಆಮೇಲೆ, "ಕುಡಿದ್ರೆ ಮತ್ತೆ ನೀನು ನನ್ನ ಸೀರೆ ಎತ್ತಬೇಕಲ್ಲ," ಎಂದರು.

"ಅದಕ್ಕೇನು? ನಾನು ನಿನ್ನ ಮೊಮ್ಮಗ ಅಲ್ವಾ?"

"ಅದಕ್ಕೇ. ನಿನ್ನನ್ನು ಎತ್ತಿ ಸಾಕಿದ್ದು ನಾನು. ನಿನ್ನಜ್ಜನಿಗೂ ನಾನು ಮೈ ತೋರಿಸಿ ಬಾಳಿದವಳಲ್ಲ. ಪ್ರತಿ ಸಲ ನೀನು ಬರುವಾಗ ನಾನು ಸಾಯುವುದು ನಿನಗೆ ಗೊತ್ತುಂಟಾ?"

ನಿತ್ಯಾನಂದನ ಕಣ್ಣಲ್ಲಿ ನೀರು ಬಂತು. "ನೀನೇ ಓಲೆ ಎತ್ತಿದ್ದಲ್ವಾ ಅಜ್ಜಿ!"

"ಯಾವುದಕ್ಕೆ ಅಂತ ನೀನು ಹೇಳಿದ್ದಿಯಾ? ದೇವರ ಚೀಟಿ ಅಂದೆ, ಎತ್ತಿದೆ. ನಿನ್ನ ಅಪ್ಪನನ್ನು ಕೇಳಿದಿ, ಅಮ್ಮನನ್ನು ಕೇಳಿದಿ, ಅಕ್ಕನನ್ನು ಕೇಳಿದಿ. ಹೊರುವವರನ್ನೆಲ್ಲ ಕೇಳಿದಿ. ಮಲಗಿದವಳು ನಾನು, ನನ್ನನ್ನು ಕೇಳಿದ್ದಿಯಾ?"

ಯಾವ ಸಭೆಯಲ್ಲೂ, ಯಾವ ಪಟ್ಟಣದಲ್ಲೂ ಹಾಗೆ ಕೇಳಿದ್ದನ್ನು ಅವನು ಓದಿರಲಿಲ್ಲ.

"ಹಾಗಾದ್ರೆ ಅಕ್ಕನನ್ನು ಕರೆಸ್ತೇನೆ," ಎಂದ.

ಅಜ್ಜಿಯ ಒಣಗಿದ ಕೈ ಅವನ ಮಣಿಕಟ್ಟನ್ನು ಹಿಡಿಯಿತು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಉಳಿದಿತ್ತು. "ಬೇಡ. ಅವಳನ್ನು ಕರೆಸಬೇಡ. ಒಂದು ವರ್ಷ ತಾನೇ."

"ಹೀಗೆ ನೀರು ಬಿಟ್ರೆ ನೀನು ಒಂದು ವರ್ಷ ಇರ್ತೀಯಾ?"

"ಇಲ್ಲದಿದ್ರೆ ಇಬ್ಬರಿಗೂ ಓದ್ಲಿಕ್ಕಾಯ್ತಲ್ಲ."

ನಿತ್ಯಾನಂದ ಹೊರಗೆ ಓಡಿದ. ಬಾವಿಕಟ್ಟೆಯ ಮೇಲೆ ಕೂತು ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡ.

ಕೂಲಿಗೆ ಹೆಂಗಸನ್ನು ಇಟ್ಟು ನೋಡಿದರು. ಭಾರ್ಗವಿ ಎಂಬ ಒಳ್ಳೆಯ ಹೆಂಗಸು, "ಞಾನ್ ನೋಕ್ಕಾಂ ಅಮ್ಮೂಮ್ಮೇ," ನಾನು ನೋಡಿಕೊಳ್ಳುತ್ತೇನೆ ಎಂದು ನಗುತ್ತಲೇ ಬಂದಳು. ಅಜ್ಜಿಗೆ ಅವಳ ಮಲಯಾಳ ತಿಳಿಯದು, ಅಜ್ಜಿಯ ಮಾತು ಅವಳಿಗೆ ತಿಳಿಯದು. ಮುರಿದ ಮಗ್ಗುಲಿಗೇ ಹೊರಳಿಸಿದಾಗ ಅಜ್ಜಿ ಕನ್ನಡದಲ್ಲಿ ಕಿರುಚಿದರು, ಭಾರ್ಗವಿ ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಹಿಡಿದಳು. ವಾರ ಮುಗಿಯುವ ಮೊದಲೇ ಅವಳೇ ಅಳುತ್ತಾ ಬಿಟ್ಟು ಹೋದಳು. ಅಜ್ಜಿ ಈಗ ಬಾಯಿಯನ್ನೇ ತೆರೆಯುತ್ತಿರಲಿಲ್ಲ.

"ಸೌದಾಮಿನಿಯನ್ನು ಕರ್ಕೊಂಡು ಬಾ," ಎಂದರು ರಾಯರು.

"ಅವಳ ಕೆಲಸ ಹೋಗ್ತದೆ," ಎಂದಳು ದಾಕ್ಷಾಯಣಿ ಹಾಸಿಗೆಯಿಂದಲೇ.

"ನನ್ನ ಅಮ್ಮ ಹೋಗ್ತಾಳೆ!" ಎಂದು ರಾಯರು ಕೂಗಿದರು. ಕೂಗಿದ ಮೇಲೆ ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡರು. ಅಪ್ಪ ಅಳುವುದನ್ನು ನಿತ್ಯಾನಂದ ಅದಕ್ಕೆ ಮೊದಲು ನೋಡಿರಲಿಲ್ಲ.

ಕೋಟ್ಟಯಂ ಮಾರ್ಗವಾಗಿ ಹೊಸತಾಗಿ ಓಡುತ್ತಿದ್ದ ರೈಲಿನಲ್ಲಿ ಅವನು ತಿರುವನಂತಪುರದ ತಂಪಾನೂರು ನಿಲ್ದಾಣಕ್ಕೆ ಬಂದಿಳಿದ. ಅಲ್ಲಿಂದ ನಡೆದೇ ಲೇಡೀಸ್ ಹಾಸ್ಟೆಲಿಗೆ ಹೋದ. ಸೌದಾಮಿನಿ ಗೇಟಿಗೆ ಬಂದಳು. ಬೆರಳಿಗೆಲ್ಲ ಚಾಕ್‌ಪುಡಿ ಅಂಟಿತ್ತು. ಅಂದೇ ಮೊದಲ ಬಾರಿಗೆ ಶಾಲೆಯೊಂದರಲ್ಲಿ ಪಾಠ ಮಾಡಿ ಬಂದಿದ್ದಳು. ಮುಖ ಬೆಳಗುತ್ತಿತ್ತು. ತಮ್ಮನನ್ನು ನೋಡಿದ ಕೂಡಲೇ ಬೆಳಕು ಆರಿತು.

"ಅಜ್ಜಿಯಾ, ಅಮ್ಮನಾ?"

"ಇಬ್ಬರೂ ಇದ್ದಾರೆ. ಅಜ್ಜಿ ನೀರು ಕುಡಿಯುವುದಿಲ್ಲ."

ಯಾಕೆಂದು ಅವನು ಹೇಳಿದ. ಅವಳು ಗೇಟಿನ ಸರಳು ಹಿಡಿದು ಕೇಳಿಸಿಕೊಂಡಳು.

"ನಾನು ಬರುವುದಿಲ್ಲ," ಎಂದಳು. "ಓಲೆಯಲ್ಲಿ ನಿನ್ನ ಹೆಸರು ಬಂದದ್ದು."

"ಹೌದು ಅಕ್ಕ."

"ನಾನು ಒಮ್ಮೆಯಾದ್ರೂ ನನಗೆ ಅಂತ ಏನಾದ್ರೂ ಕೇಳಿದ್ದುಂಟಾ?"

"ಇಲ್ಲ ಅಕ್ಕ."

"ಬರುವುದಿಲ್ಲ ಅಂದೆನಲ್ಲ, ಇನ್ನು ಯಾಕೆ ನಿಂತಿದ್ದಿ? ಹೋಗು!"

ಅವನು ಹೋಗಲಿಲ್ಲ, ತಲೆ ತಗ್ಗಿಸಿ ನಿಂತ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಒಂದು ಕೈಚೀಲ ಹಿಡಿದು ಹೊರಗೆ ಬಂದಳು. "ಒಂದು ವಾರದ ರಜೆ ಕೇಳಿದ್ದೇನೆ. ಒಂದೇ ವಾರ," ಎಂದು ಗದರಿದಳು. ಪೆಟ್ಟಿಗೆ, ಹಾಸಿಗೆ ಎಲ್ಲ ಹಾಸ್ಟೆಲಿನಲ್ಲೇ ಉಳಿದವು.

ರೈಲಿನಲ್ಲಿ ಕೊಲ್ಲಂ ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು. "ನಿನ್ನ ಆ ಚೋಳರ ಊರಿನಲ್ಲಿ ಸಭೆ ಇತ್ತು, ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು ಸಮಿತಿ. ಮಲಗಿದ ಅಜ್ಜಿಯಂದಿರನ್ನು ಯಾರು ನೋಡ್ತಿದ್ರು?"

"ಶಾಸನದಲ್ಲಿ ಅದು ಇಲ್ಲ ಅಕ್ಕ."

"ಮನೆಯ ಹೆಂಗಸರು ನೋಡ್ತಿದ್ರು, ಮತ್ತೆ ಯಾರು? ಭರಣಿಗೆ ಹಾಕುವ ಕೆಲಸಗಳ ಪೈಕಿ ಅದು ಆಗಲೂ ಇರ್ಲಿಲ್ಲ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅವಳನ್ನು ಕಂಡು ಅಜ್ಜಿ ಹೆದರಿದರು. "ಯಾಕೆ ಬಂದಿ?"

"ರಜೆ ಅಜ್ಜಿ. ಎಲ್ಲ ಕಾಲೇಜಿಗೂ ಕೊಟ್ಟಿದ್ದಾರೆ."

"ನಿಜವಾಗ್ಲೂ?"

"ನಿನ್ನಾಣೆ."

ಅಜ್ಜಿ ಅವಳ ಕೈಯಿಂದ ಒಂದು ಚೊಂಬು ನೀರನ್ನು ನಿಲ್ಲಿಸದೆ ಕುಡಿದರು. ಗಂಟಲಿನ ಸದ್ದು ಪಡಸಾಲೆಯವರೆಗೆ ಕೇಳಿಸಿತು. ಇನ್ನೂ ಒಂದು ಬೇಕೆಂದರು. ಅಂದು ರಾತ್ರಿ ಸೌತೆಕಾಯಿ ಹುಳಿ ಬಡಿಸಿಕೊಂಡು ಅನ್ನ ಉಂಡರು.

ವಾರ ಕಳೆಯಿತು. ದಾಕ್ಷಾಯಣಿ ಎದ್ದು ಓಡಾಡುವಂತಾಗಿರಲಿಲ್ಲ. ಸೌದಾಮಿನಿ ಇನ್ನೊಂದು ವಾರ ರಜೆ ಕೇಳಿ ಬರೆದಳು, ಕಾಲೇಜಿನವರು ಆಗದೆಂದು, ಬಾರದಿದ್ದರೆ ಸೀಟಿಲ್ಲವೆಂದು ಬರೆದರು. ಅದೇ ಹೊತ್ತಿಗೆ ರಾಯರು ತಿರುವನಂತಪುರದ ಪರಿಚಯದ ಪ್ರೊಫೆಸರೊಬ್ಬರ ಮೂಲಕ ಮಗನ ಸೀಟನ್ನು ಉಳಿಸಿಕೊಂಡಿದ್ದರು. ಎಂ.ಎ. ತರಗತಿ ಆಗಷ್ಟೇ ಶುರುವಾಗಿತ್ತು.

"ನಾನು ಹೋಗುವುದಿಲ್ಲ," ಎಂದ ನಿತ್ಯಾನಂದ. "ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇಬ್ಬರೂ ಮನೆಯಲ್ಲಿ ಕೂತು ಎಂತ ಮಾಡ್ಲಿಕ್ಕುಂಟು?" ಎಂದರು ರಾಯರು. "ಅವಳದ್ದಂತೂ ಹೋಯ್ತು. ನಿನ್ನದನ್ನೂ ನೀರಿಗೆ ಹಾಕ್ತೀಯಾ?"

ಅವನು ಅಕ್ಕನ ಮುಖ ನೋಡಿದ. ಅವಳು ಅವನಿಗಾಗಿ ಅವಲಕ್ಕಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ನನ್ನ ಹಾಸಿಗೆ ಹಾಸ್ಟೆಲಿನಲ್ಲುಂಟು. ಹೊಸತು. ಹೋಗಿ ತೆಗೆದು ನೀನೇ ಹಾಸ್ಕೋ," ಎಂದಳು.

ಬೆಳಿಗ್ಗೆ ರಿಕ್ಷಾ ಬಂದು ನಿಂತಿತು. ನಿತ್ಯಾನಂದ ಅಜ್ಜಿಯ ಕಾಲು ಮುಟ್ಟಿ, ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕೆ ಇಳಿದ. ಸೌದಾಮಿನಿ ಅಜ್ಜಿಯ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು ಚೊಂಬನ್ನು ಬಾಯಿಗೆ ಇಟ್ಟಳು. ಅಜ್ಜಿ ಒಂದು ಗುಟುಕು ಕುಡಿದು ನಿಲ್ಲಿಸಿದರು.

"ಅವನೆಲ್ಲಿಗೆ ಹೊರಟದ್ದು?"

"ತಿರುವನಂತಪುರಕ್ಕೆ."

"ಅವನಿಗೆ ಕಾಲೇಜು ಶುರುವಾಯ್ತಾ?"

"ಹೂಂ."

"ಮತ್ತೆ ನಿನ್ನ ರಜೆ?"

"ನನಗೆ ಇನ್ನೂ ಉಂಟು ಅಜ್ಜಿ. ಕುಡಿ."

ಅಜ್ಜಿ ಅವಳ ಮುಖವನ್ನೇ ನೋಡಿದರು. ಆಮೇಲೆ ಅವಳ ಕೈಯನ್ನು ಮೆಲ್ಲನೆ ದೂಡಿ, ಗೋಡೆಯ ಕಡೆಗೆ ತಿರುಗಿದರು.

"ನಂಗೆ ಬಾಯಾರಿಕೆ ಇಲ್ಲ ಮಗಾ."

ಮನೆಯಲ್ಲಿ ಎಂದೂ ಗಟ್ಟಿ ದನಿ ತೆಗೆಯದ ಸೌದಾಮಿನಿ ಆಗ ಕೂಗಿದ್ದು ಬೀದಿಯ ತುದಿಯವರೆಗೆ ಕೇಳಿಸಿತು. "ಕುಡಿ ಅಜ್ಜಿ! ಎಲ್ಲ ಬಿಟ್ಟು ಬಂದದ್ದು ಇದಕ್ಕೇ. ಇನ್ನು ನನಗೆ ಬೇರೆ ಎಂತ ಉಂಟು? ನನ್ನ ಕೈಯಿಂದ ಕುಡಿ!"

ಅಂಗಳದಲ್ಲಿ ನಿತ್ಯಾನಂದ ಪೆಟ್ಟಿಗೆಯನ್ನು ರಿಕ್ಷಾದ ಮೇಲೆ ಇಡುತ್ತಿದ್ದವನು ಹಾಗೆಯೇ ನಿಂತ. ರೈಲಿಗೆ ಹೊತ್ತಾಯಿತು ಎಂದು ರಾಯರು ಅವನ ಬೆನ್ನಿಗೆ ಕೈ ಹಾಕಿದರು. ಒಳಗೆ ಸೌದಾಮಿನಿ ಚೊಂಬನ್ನು ಮುಚ್ಚಿದ ತುಟಿಗಳಿಗೆ ಒತ್ತಿ ಹಿಡಿದಿದ್ದಳು. ನೀರು ಅಜ್ಜಿಯ ಗಲ್ಲದಿಂದ ಇಳಿದು ದಿಂಬನ್ನು ತೋಯಿಸುತ್ತಿತ್ತು.